ಅಜ್ಜನ ರುಮಾಲು

ಗಂಜಿ ಹಾಕಿದ ಬಟ್ಟೆಯ ವಾಸನೆ ಬಂದರೆ ಈಗಲೂ ನನ್ನ ಕುತ್ತಿಗೆ ತಾನಾಗಿ ನೆಟ್ಟಗಾಗುತ್ತದೆ.

ಅಜ್ಜನ ಗಂಟಲ ಕ್ಯಾನ್ಸರಿಗೆ ಕರೆಂಟು ಕೊಡಿಸಲು ಗುಡಗೇರಿಯಿಂದ ರೈಲು, ಹುಬ್ಬಳ್ಳಿಯಿಂದ ಬಸ್ಸು ಹಿಡಿದು ದೊಡ್ಡಾಸ್ಪತ್ರೆಗೆ ಹೋಗುತ್ತಿದ್ದೆವು. ನನಗಂತೂ ಅದು ಹಬ್ಬ. ಮಷೀನಿನ ಕೋಣೆಗೆ ಹೋಗುವ ಮುಂಚೆ ಅಜ್ಜ ತನ್ನ ರುಮಾಲನ್ನು ಕುರ್ಚಿಯ ಮೇಲಿಡದೆ ನನ್ನ ತಲೆಗಿಡುತ್ತಿದ್ದ.

“ಅಳ್ಳಾಡಬ್ಯಾಡ ಯವ್ವಾ, ಗೌಡ್ತಿ ಹಂಗ ಕುಂಡ್ರು.”

ಹೊರಬಂದ ಕೂಡಲೇ ವಾಪಸು ಇಸಿದುಕೊಳ್ಳುತ್ತಿದ್ದ. ಕೊನೆಯ ಸಲ ಮಾತ್ರ ಕೇಳಲೇ ಇಲ್ಲ. ರೈಲಿನಲ್ಲಿ ದಾರಿಯುದ್ದಕ್ಕೂ ಖುಷಿಗೆ ನನ್ನ ಕಾಲು ನಿಲ್ಲಲಿಲ್ಲ. ಊರಲ್ಲಿ ಅವನನ್ನು ಬರಿತಲೆಯಲ್ಲಿ ಯಾರೂ ಕಂಡಿರಲಿಲ್ಲ. ಹಾಗಾಗಿ ಗುಡಗೇರಿ ಬಂದಾಗ ನಾನೇ ತೆಗೆದುಕೊಡಲು ಹೋದೆ.

“ಇರ್ಲಿ ಬಿಡು. ನನಗ ಭಾರ ಆಗತೈತಿ.”

ಸ್ಟೇಷನ್ನಿನ ಹೊರಗೆ ಸಂತೆಯ ಮಂದಿ ಮಾತು ನಿಲ್ಲಿಸಿ ದಾರಿ ಬಿಟ್ಟರು. ನನ್ನ ಗತ್ತು ನೋಡಿಯೇ ಎಂದುಕೊಂಡು ನಾನು ಇನ್ನಷ್ಟು ಸೆಟೆದು ನಡೆದೆ.