ಮೂವತ್ತೆರಡು ಟಿಕ್, ಒಂದು ಜೇಡ

ಮೈಸೂರಿನ ಹುಣಸೂರು ರಸ್ತೆಯಲ್ಲಿ ದೊರೆಸ್ವಾಮಿ ಅಂತ ಒಬ್ಬ ಮೆಕ್ಯಾನಿಕ್...

ಅವನು ಒಂದು ಸಲ ಕೆಮ್ಮಿದರೆ ಸಾಕು, ಆರು ತಿಂಗಳಿಂದ ಕೆಟ್ಟು ನಿಂತ ಇಂಜಿನ್ ಹೆದರಿ ತಾನಾಗಿಯೇ ಸ್ಟಾರ್ಟ್ ಆಗುತ್ತಿತ್ತು! ಆ ಕೆಮ್ಮನ್ನು ರೆಕಾರ್ಡ್ ಮಾಡಿಕೊಳ್ಳಲು ಜರ್ಮನಿಯಿಂದ ಮೂವರು ಇಂಜಿನಿಯರ್‌ಗಳು ಬಂದಿದ್ದರು. ನಂಬದಿದ್ದರೆ ನಿಮ್ಮಿಷ್ಟ...

ಅವನ ಸ್ಪೆಷಾಲಿಟಿ ಕ್ಯಾರವಾನ್. ಹಾಸಿಗೆ, ಗ್ಯಾಸ್ ಒಲೆ, ನೀರಿನ ಟ್ಯಾಂಕು, ಪುಟ್ಟ ಬಾತ್‌ರೂಮು... ಎಲ್ಲ ಇರುವ ಟೂರಿಂಗ್ ಗಾಡಿ. ಚಕ್ರದ ಮೇಲಿನ ಮನೆ ಅನ್ನಿ.

ಇವನಿಗೆ ಒಬ್ಬರು ಖಾಯಂ ಗಿರಾಕಿ. ಪದ್ಮಾಸಿನಿ ಮೇಡಮ್. ಕೆಮಿಸ್ಟ್ರಿ ಪಾಠ ಮಾಡಿ ರಿಟೈರ್ ಆದವರು. ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾವೇ ಕ್ಯಾರವಾನ್ ಓಡಿಸಿ ಊರೂರು ಸುತ್ತುವವರು.

ಎಂಟು ವರ್ಷ... ವರ್ಷಕ್ಕೆರಡು ಸಲ, ಪ್ರತಿ ಟೂರಿನ ಮೊದಲು ಸರ್ವಿಸ್‌ಗೆ ಅವನ ಹತ್ತಿರವೇ. ಜೊತೆಗೆ ಅವನಿಗೆಂದೇ ಡಬ್ಬಿ ತುಂಬ ಪುಳಿಯೋಗರೆ.

ಸರ್ವಿಸ್ ಪುಸ್ತಕದಲ್ಲಿ ಮೂವತ್ತೆರಡು ಸಾಲು. ಬ್ರೇಕು, ಟೈರು, ಬ್ಯಾಟರಿ, ಗ್ಯಾಸ್ ಪೈಪು... ಒಂದೊಂದನ್ನೂ ನೋಡಿ ಟಿಕ್ ಹಾಕಿ, ಕೆಳಗೆ ಸೈನ್ ಮಾಡಬೇಕು.

"ದೊರೆ, ನಿನ್ನ ಟಿಕ್ ನೋಡಿದ್ಮೇಲೇನೇ ನಮಗೆ ನಿದ್ದೆ ಬರೋದು ಕಣಪ್ಪ" ಎನ್ನುತ್ತಿದ್ದರು ಮೇಡಮ್.

ಹೀಗಿರುವಾಗ ಒಂದು ಬೆಳಿಗ್ಗೆ...

ಅದೇ ಕ್ಯಾರವಾನ್ ಅವನ ಗ್ಯಾರೇಜಿನ ಮುಂದೆಯೇ ಹಾದುಹೋಯಿತು. ನಿಲ್ಲಲಿಲ್ಲ. ಹಿಂದಿನ ಗಾಜಿನ ಮೇಲೆ ಬೇರೆ ಗ್ಯಾರೇಜಿನ ಹೊಸ ಸ್ಟಿಕ್ಕರ್!

ದೊರೆಸ್ವಾಮಿ ಸ್ಪ್ಯಾನರ್ ಎಸೆದು ರಸ್ತೆಗೆ ಓಡಿಬಂದ. ಮನೆಯವರಂತೆ ಇದ್ದವರು... ಒಂದು ಮಾತೂ ಹೇಳದೆ!

ಮೊಪೆಡ್ ಹತ್ತಿದ. ಗಂಟೆಗೆ ನೂರೆಂಬತ್ತು ಕಿಲೋಮೀಟರ್ ಸ್ಪೀಡು... ಹಿಂದೆ ಧೂಳು ಏಳುವುದಕ್ಕೂ ಟೈಮ್ ಸಿಗಲಿಲ್ಲ. ಇಲವಾಲದ ಟೀ ಅಂಗಡಿ ಮುಂದೆ ಗಾಡಿ ನಿಂತಿತ್ತು. ಅಡ್ಡ ಹೋಗಿ ನಿಂತ.

"ಎಂಟು ವರ್ಷ ಮೇಡಮ್! ಹಿಂಗೆ ಬೆನ್ನಿಗೆ ಚೂರಿ ಹಾಕ್ಬೋದಾ? ಯೂನಿಫಾರ್ಮು, ಎಸಿ ರೂಮು ಕಂಡ ತಕ್ಷಣ ಈ ದೊರೆ ಬೇಡವಾಗ್ಬಿಟ್ನಾ?"

ಮೇಡಮ್ ಟೀ ಲೋಟ ಕೆಳಗಿಟ್ಟರು. ಫೋನ್ ತೆಗೆದು ಒಂದು ಫೋಟೋ ತೋರಿಸಿದರು.

ಅವರ ಕ್ಯಾರವಾನಿನ ಗ್ಯಾಸ್ ಪೆಟ್ಟಿಗೆ. ಬಾಗಿಲು ತೆರೆದಿದೆ. ಒಳಗೆ ಸಿಲಿಂಡರ್‌ನಿಂದ ಪೈಪಿನ ತನಕ ದೊಡ್ಡ ಜೇಡರ ಬಲೆ. ನಡುವೆ ಜೇಡ ಆರಾಮಾಗಿ ಕೂತಿದೆ. ಪೈಪಿನ ಮೇಲೆ ಅಚ್ಚಾದ ವಾಯಿದೆ ಮುಗಿದು ಎರಡು ವರ್ಷ...

"ಹೋದ ಸಲ ನಿನ್ನ ಸರ್ವಿಸ್ ಆದ ಮಾರನೇ ದಿನ ತೆಗೆದ ಫೋಟೋ ಇದು. ಮರವಂತೆ ಬೀಚಲ್ಲಿ ಕಾಫಿಗೆ ಒಲೆ ಹಚ್ಚೋಣ ಅಂತ ಪೆಟ್ಟಿಗೆ ಬಾಗಿಲು ತೆಗೆದೆ. 'ಸೋಪಿನ ನೊರೆ ಹಚ್ಚಿ ಲೀಕ್ ನೋಡಿದೆ' ಅಂತ ಟಿಕ್ ಹಾಕಿದ್ಯಲ್ಲ... ಬಲೆ ಹರೀದೆ ಹೆಂಗಪ್ಪ ನೊರೆ ಹಚ್ಚಿದೆ?"

"ಒಂದೇ ರಾತ್ರೀಲಿ ಕಟ್ಟಿರ್ಬೋದು ಮೇಡಮ್... ಜೇಡ ಅಲ್ವಾ..."

"ಬಲೆ ಮೇಲಿನ ಧೂಳು? ಅದೂ ಒಂದೇ ರಾತ್ರೀದಾ?"



ಮೊದಮೊದಲು ಅವನು ನಿಜವಾಗಿಯೇ ಎಲ್ಲ ನೋಡುತ್ತಿದ್ದ. ಹೆಸರು ಬಂದ ಮೇಲೆ ಸ್ಪ್ಯಾನರ್‌ಗಿಂತ ಪೆನ್ನು ಜೋರಾಗಿ ಓಡತೊಡಗಿತ್ತು...

"ಕರೆದು ಬೈಬೋದಿತ್ತಲ್ಲ ಮೇಡಮ್..."

"ಬೈಯೋಕೇ ಬಂದಿದ್ದೆ. ನೀನು ಯಾರಿಗೋ ಫೋನಲ್ಲಿ 'ದೊರೆ ಕೈಯಿಟ್ಟ ಗಾಡೀಲಿ ಕಣ್ಮುಚ್ಕೊಂಡು ಮಲಗಿ' ಅಂತಿದ್ದೆ. ಬಾಗಿಲಲ್ಲೇ ಕೇಳಿಸ್ಕೊಂಡು ವಾಪಸ್ ಹೋದೆ." ಅವರು ಫೋನ್ ಒಳಗಿಟ್ಟರು. "ಆವತ್ತು ಬೀಚಲ್ಲಿ ನಮ್ಮ ತಂಗಿ ಗಾಡಿ ಒಳಗೇ ಮಲಗಿದ್ಲು, ದೊರೆ."

ಕ್ಯಾರವಾನ್ ಹೊರಟುಹೋಯಿತು.

ದೊರೆಸ್ವಾಮಿಗೆ ಆಗ ನೆನಪಾಯಿತು. ನಿನ್ನೆಯೂ ಅವನು ಹಾಗೆಯೇ ಮೂವತ್ತೆರಡು ಟಿಕ್ ಹಾಕಿ ಒಂದು ಗಾಡಿ ಕಳಿಸಿದ್ದ! ನಿರಂಜನಮೂರ್ತಿ ಸಾರ್ ಗಾಡಿ... ಇಬ್ಬರು ಪುಟ್ಟ ಮಕ್ಕಳು. ಇಷ್ಟೊತ್ತಿಗೆ ಕುಶಾಲನಗರದ ಹತ್ತಿರ ಹೊಳೆ ದಡದಲ್ಲಿ ತಿಂಡಿಗೆ ನಿಲ್ಲಿಸಿರುತ್ತಾರೆ.

ಹೇಳಿದರೆ ಇಷ್ಟು ದಿನದ ಹೆಸರು ಮಣ್ಣುಪಾಲು. ಹೇಳದಿದ್ದರೆ...

ಸಾರ್‌ಗೆ ಫೋನ್ ಹಚ್ಚಿದ.

"ಸಾರ್, ಒಲೆ ಹಚ್ಬೇಡಿ! ಮಕ್ಕಳನ್ನ ಕೆಳಗಿಳಿಸಿ! ನಾನು... ನಾನು ಗ್ಯಾಸ್ ಚೆಕ್ ಮಾಡಿಲ್ಲ ಸಾರ್. ಸುಳ್ಳು ಟಿಕ್ ಹಾಕಿದ್ದೆ."

ಆಮೇಲೆ ಹದಿನಾಲ್ಕೇ ನಿಮಿಷದಲ್ಲಿ ಮೊಪೆಡ್‌ನಲ್ಲಿ ಕುಶಾಲನಗರ ತಲುಪಿದ! ನೊರೆ ಹಚ್ಚಿದರೆ ತೆಂಗಿನಕಾಯಿ ಗಾತ್ರದ ಗುಳ್ಳೆಗಳು! ಪೈಪ್ ಬದಲಿಸಿದ. ಮಕ್ಕಳು ಅಪ್ಪಿಕೊಂಡರು. ಸುದ್ದಿ ತಿಳಿದ ಪದ್ಮಾಸಿನಿ ಮೇಡಮ್ ಗಾಡಿ ತಿರುಗಿಸಿಕೊಂಡು ಬಂದು "ನೀನೇ ನಮ್ಮ ಮೆಕ್ಯಾನಿಕ್ ಕಣೋ" ಅಂತ ಅತ್ತರು...

ಈ ಕಥೆಯನ್ನು ವಾಟ್ಸಾಪ್ ಗ್ರೂಪಿಗೆ ಹಾಕುವ ಮೊದಲು ಇಲ್ಲಿಯವರೆಗೆ ಹೆಂಡತಿಗೆ ಓದಿ ಹೇಳಿದೆ. ಸೊಪ್ಪು ಸೋಸುತ್ತಿದ್ದವಳು ತಲೆ ಎತ್ತಿದಳು.

"ಮೇಡಮ್ಮು ಯಾವಾಗ್ರೀ ವಾಪಸ್ ಬಂದ್ರು? ಅತ್ರು ಅಂತ ಬೇರೆ! ಇದ್ರಲ್ಲೂ ಸುಳ್ಳು ಟಿಕ್ಕಾ?"

ಸಿಕ್ಕಿಬಿದ್ದೆ. ನಿಜ ಹೇಳಿಬಿಡುತ್ತೇನೆ...

ಆ ದೊರೆಸ್ವಾಮಿ ನಾನೇ.

ಜೇಡವೂ ನಿಜ, ಫೋನ್ ಮಾಡಿದ್ದೂ ನಿಜ. ಕುಶಾಲನಗರಕ್ಕೆ ಹೋಗಲಿಲ್ಲ. ಸಾರ್ ಅಲ್ಲಿಯವರನ್ನೇ ಕರೆಸಿ ನೋಡಿಸಿದರು. ಲೀಕ್ ಇರಲಿಲ್ಲ. "ಇಲ್ದೇ ಇದ್ದದ್ದು ನಿಮ್ಮ ಪುಣ್ಯ. ಇನ್ಮೇಲೆ ನನ್ನ ಗಾಡಿ ಮುಟ್ಬೇಡಿ" ಎಂದು ಫೋನ್ ಇಟ್ಟರು.

ಮೇಡಮ್ ಬರಲಿಲ್ಲ. ಮೂರು ವರ್ಷವಾಯಿತು. ವರ್ಷಕ್ಕೆರಡು ಸಲ ಅವರ ಕ್ಯಾರವಾನ್ ನಮ್ಮ ಗ್ಯಾರೇಜಿನ ಮುಂದೆಯೇ ಹೋಗುತ್ತದೆ. ನಾನು ಕೆಲಸ ಬಿಟ್ಟು ಎದ್ದು ನಿಲ್ಲುತ್ತೇನೆ... ಅವರು ಈ ಕಡೆ ತಿರುಗಿ ನೋಡುವುದಿಲ್ಲ.

*ನಂಬಿದವರು ಬಿಟ್ಟುಹೋದಾಗ ನಾವು ಅವರ ಬೆನ್ನು ನೋಡುತ್ತೇವೆ... ನಮ್ಮ ಕೈ ನೋಡಿಕೊಳ್ಳುವುದಿಲ್ಲ.*

ನೋಡದೆಯೇ "ನೋಡಿದೆ" ಅಂತ ನೀವು ಟಿಕ್ ಹಾಕಿದ್ದು ಯಾವುದಕ್ಕೆ... ಅದನ್ನು ನಂಬಿ ಇವತ್ತು ಯಾರು ಮಲಗಿದ್ದಾರೆ?