ಅಂಕಿತದ ಸಾಲು

ಮುಂದೆ ನಾಡೆಲ್ಲ ಹಾಡಿದ ಕೀರ್ತನೆಗಳನ್ನು ಕಟ್ಟಿದವನು ಆಗಿನ್ನೂ ಗುರುಗಳ ಹಿಂದೆ ಕೂತು ತಂಬೂರಿ ಮೀಟುವ ಶಿಷ್ಯ. ಆರು ವರ್ಷದಿಂದ ಅವನದು ಒಂದೇ ಬೇಡಿಕೆ.

“ಹಾಡಿನ ಕೊನೆಯ ಸಾಲಿಗೆ ನನಗೂ ಒಂದು ಅಂಕಿತ ಕೊಡಿ, ಗುರುಗಳೇ. ನಮ್ಮೂರ ದೇವರು, ಹೊನ್ನಗುಡ್ಡದ ರಂಗ ಅಂತ ಇಟ್ಕೋತೀನಿ. ಯಾರ ಹಾಡು ಅಂತ ನಾಲ್ಕು ಜನಕ್ಕೆ ಗೊತ್ತಾಗಲಿ.”

“ಮೊದಲು ಹಾಡು ಕಟ್ಟೋದು ಕಲಿ.”

ಈ ಸಲ ಅವನು ತೋಡಿ ರಾಗದಲ್ಲಿ ಕಟ್ಟಿದ್ದನ್ನು ಗುರುಗಳು ಎರಡು ಸಲ ಹಾಡಿಸಿ ಕೇಳಿದರು. ಆಮೇಲೆ ಎದ್ದು ಪೂಜೆಗೆ ಹೋದರು.

ವಾರ ಕಳೆದು ಅರಮನೆಯಲ್ಲಿ ಕಚೇರಿ. ನಡುವೆ ಗುರುಗಳು, ಹೊಸದೊಂದು ಹಾಡುತ್ತೇನೆ ಎಂದರು.

“ಯಾರ ರಚನೆ?” ದೊರೆ ಕೇಳಿದರು.

“ಕೊನೆಯ ಸಾಲಲ್ಲಿ ತಿಳಿಯುತ್ತೆ, ಮಹಾಸ್ವಾಮಿ.”

ಮೃದಂಗದವರು ಶಿಷ್ಯನ ಕಡೆ ಬಾಗಿ ಪಿಸುಗುಟ್ಟಿದರು. “ಅವರದೇ ಇರಬೇಕು ಕಣಯ್ಯ. ಇನ್ಯಾರದನ್ನ ಅವರು ಹಾಡ್ತಾರೆ?”

ಪಲ್ಲವಿ ಕೇಳಿದೊಡನೆ ಶಿಷ್ಯ ತಟ್ಟನೆ ತಲೆಯೆತ್ತಿದ. ಅದೇ ತೋಡಿ, ಅವನದೇ ಹಾಡು. ಅದಕ್ಕೆ ಗುರುಗಳ ಅಂಕಿತ ಬೀಳುವಾಗ ತಾನೇ ಶ್ರುತಿ ಹಿಡಿದು ಕೂರಬೇಕೇ? ಸಭೆ ತಲೆದೂಗುತ್ತಿತ್ತು. ಕೊನೆಯ ಸಾಲು ಬರುತ್ತಿದ್ದಂತೆ ಅವನು ನಾಲ್ಕೂ ತಂತಿಗಳನ್ನು ಅಂಗೈಯಲ್ಲಿ ಅದುಮಿಬಿಟ್ಟ. ಶ್ರುತಿ ಸತ್ತಿತು. ಮೃದಂಗ ತಡವರಿಸಿ ನಿಂತಿತು. ತುಂಬಿದ ಸಭೆಯಲ್ಲಿ ಯಾವ ಶಿಷ್ಯನೂ ಗುರುವಿಗೆ ಇಂಥ ಅವಮಾನ ಮಾಡಿರಲಿಲ್ಲ.

ಗುರುಗಳು ಹಿಂತಿರುಗಿ ನೋಡಲಿಲ್ಲ. ಅವರ ಒಂಟಿ ದನಿ “ಹೊನ್ನಗುಡ್ಡದ ರಂಗ” ಎಂದು ಹಾಡನ್ನು ಮುಗಿಸಿತು.