ಸಾಹೇಬರ ಜಳಕ

ವೈಶಾಖದಲ್ಲೂ ಹಿಮ ಬೀಳತೊಡಗಿದ ಮೇಲೆ, ಗದಗಿನಿಂದ ವಿಮಾನ ಮೇಲೇರುವ ಮುಂಚೆ ಮೆಕ್ಯಾನಿಕ್ ಕಳಕವ್ವ ರೊಟ್ಟಿ ಹಂಚಿಗೆ ಚಿಮುಕಿಸಿದಂತೆ ರೆಕ್ಕೆಗೆ ನೀರು ಚಿಮುಕಿಸಿ ನೋಡುತ್ತಿದ್ದಳು. ಚುಂಯ್ ಎಂದರೆ ರೆಕ್ಕೆ ಕಾದಿದೆ, ಹಿಮ ಕಟ್ಟುವುದಿಲ್ಲ, ಹಾರಬಹುದು. ಇಂದು ಹನಿ ಬಿದ್ದಲ್ಲೇ ಹರಳುಗಟ್ಟಿತು. ಎಂಜಿನ್ ಮಾತ್ರ ಗುಡುಗುತ್ತಲೇ ಇತ್ತು. ಅದರ ಬಿಸಿಹೊಗೆಯನ್ನು ರೆಕ್ಕೆಗೆ ಒಯ್ಯುವ ಕೊಳವೆಯ ಗುಂಟ ಹೋಗಿ ನೋಡಿದರೆ, ಅದನ್ನು ವಿಮಾನದೊಳಗಿದ್ದ ಮಾಲೀಕರ ಬಚ್ಚಲ ಹಂಡೆಗೆ ತಿರುಗಿಸಿದ್ದರು.

"ಸಾಹೇಬ್ರು ಜಳಕ ಮಾಡಾಕತ್ತಾರ, ಸುಮ್ನಿರು," ಎಂದ ಮ್ಯಾನೇಜರ್ ಪಾಂಡಪ್ಪ.

"ಒಳಗ ಅರವತ್ತು ಮಂದಿ ಕುಂತಾರ. ಇವರ ಮೈ ಬೆಚ್ಚಗಿರಲಿ ಅಂತ ಅವರು ನೆಲಕ್ಕ ಬೀಳಬೇಕೇನು?" ಕಳಕವ್ವ ಹಲ್ಲು ಕಚ್ಚಿ ವಾಲ್ವನ್ನು ರೆಕ್ಕೆಯ ಕಡೆ ತಿರುವಿದಳು.

ಬಚ್ಚಲಿನಿಂದ ಸಾಹೇಬರು ಅರಚಿದರು: "ಯಾರಲೇ ಅದು, ನೀರು ಕೊರಿಯಾಕತ್ತೇತಿ."

"ರೆಕ್ಕಿಗೂ ಹಂಗ ಆಗಿತ್ರೀ," ಎಂದಳು ಕಳಕವ್ವ. "ಅದಕ್ಕ ಬಾಯಿಲ್ಲ, ಅಷ್ಟ."